38ನೇ ವಯಸ್ಸಿಗೆ ಜಾಝ್ ಸಂಗೀತ ಬರೆಯಲು ಹೊರಟರೆ ತಡವೇ? ಟ್ರಂಪೆಟ್ ವಾದಕ ಕೆನ್ನಿ ವೀಲರ್ ಸೋಲೊಗಳಿಂದ ಶುರು ಮಾಡಲೇ?

ಸೋಲೊಗಳಿಂದ ಬೇಡ. ನಾನು ಹಾಗೇ ಶುರು ಮಾಡಿ ಎರಡು ವರ್ಷ ದಂಡ ತೆತ್ತೆ. ಟ್ರಂಪೆಟ್ ಊದಿದ್ದನ್ನೆಲ್ಲ ಬರೆದುಕೊಂಡೆ, ಬೇಸ್ ಕಡೆ ಕಿವಿಯನ್ನೇ ಕೊಡಲಿಲ್ಲ.

ಆ ತಪ್ಪನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ‘ಇ/ಸಿ’ ಅಂತ ಬರೆದ ಕಾರ್ಡ್‌ನಲ್ಲಿ, ಅಂದರೆ ಒಟ್ಟಿಗೆ ನುಡಿಯುವ ಸ್ವರಗುಂಪಿನಲ್ಲಿ, ಮೇಲೆ ಇ ಮೇಜರ್, ಬೇಸ್‌ನಲ್ಲಿ ಸಿ. ನಾನು ಓರೆಗೆರೆಯ ಕೆಳಗಿನ ಸಿ ಬಿಟ್ಟು ಬರೀ ಇ ಮೇಜರ್ ನುಡಿಸುತ್ತಿದ್ದೆ. ಸಿ ಇದ್ದರೆ ಸಿ, ಇ, ಜಿ ಶಾರ್ಪ್, ಬಿ: ಎಲ್ಲಿಗೂ ಇಳಿಯದೆ ತೇಲುವ ಸದ್ದು. ಸಿ ಹೋಯಿತೋ, ಪ್ರಾರ್ಥನೆ ಹಾಡಿನ ಕಾರ್ಡ್. ಸಿ ಮೈನರ್ ಕೆಳಗೆ ಎ ಫ್ಲಾಟ್ ಇಟ್ಟರೂ ಇದೇ ಕಥೆ, ಅದು ಎ ಫ್ಲಾಟ್ ಮೇಜರ್ ಸೆವೆನ್ ಆಗಿಬಿಡುತ್ತದೆ. ತಂಬೂರಿಗೆ ಒಗ್ಗಿದ ಕಿವಿಗೆ ಷಡ್ಜ ಕದಲುವುದೇ ಇಲ್ಲ, ಎಡವಿದ್ದು ಅಲ್ಲೇ. ಟ್ರಂಪೆಟ್ ಒಂದೇ ಬಿ ಹಿಡಿದು ನಿಂತಿರಲಿ: ಕೆಳಗೆ ಸಿ ಇದ್ದರೆ ಅದು ಕಾಕಲಿ ನಿಷಾದ, ಜಿ ಬಂದರೆ ಅಂತರ ಗಾಂಧಾರ, ಇ ಬಂದರೆ ಪಂಚಮ, ಎ ಬಂದರೆ ಚತುಶ್ರುತಿ ರಿಷಭ. ಪ್ರತಿ ಕಾರ್ಡಿಗೂ ಗ್ರಹಭೇದ, ಅಂದರೆ ಷಡ್ಜವೇ ಬದಲಾಗುತ್ತದೆ ಅಂದುಕೊಳ್ಳಿ.

ಹಾಗಾಗಿ ದಿನಕ್ಕೆ ಎಂಟು ಬಾರ್ ಸಾಕು. ಅರ್ಧ ವೇಗದಲ್ಲಿ ಎಡಗೈಲಿ ಬೇಸ್ ಸ್ವರ ಮಾತ್ರ ಒತ್ತಿ, ಮೇಲಿನ ರಾಗವನ್ನು ಬಾಯಲ್ಲಿ ಹಾಡಿ. ಎರಡೂ ಕೂತ ಮೇಲೇ ನಡುವಿನ ಸ್ವರಗಳು. ಫ್ಲೂಗಲ್‌ಹಾರ್ನ್‌ಗೆ (ಟ್ರಂಪೆಟ್ ಬಳಗದ ವಾದ್ಯ) ಬರೆಯುವಾಗ ಒಂದು ಪೂರ್ತಿ ಸ್ವರ ಮೇಲೆ ಬರೆಯಿರಿ, ಅದು ಬರೆದದ್ದಕ್ಕಿಂತ ಅಷ್ಟು ಕೆಳಗೆ ಕೇಳಿಸುತ್ತದೆ. ಸಿ ಕೇಳಬೇಕಾದರೆ ಹಾಳೆಯಲ್ಲಿ ಡಿ ಇರಬೇಕು.

ಇನ್ನು ‘ತಡ’. ಆ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. 1930ರಲ್ಲಿ ಟೊರೊಂಟೊದಲ್ಲಿ ಹುಟ್ಟಿದ ವೀಲರ್ 1952ಕ್ಕೇ ಲಂಡನ್ ಸೇರಿ ಬ್ಯಾಂಡುಗಳಲ್ಲಿ ಊದುತ್ತಿದ್ದವರು. ಬುದ್ಧಿಹಲ್ಲು ಕೈಕೊಟ್ಟು ಊದಲಾಗದೆ ಕೂತಾಗ ಬ್ಯಾಂಡ್ ನಾಯಕ ಜಾನ್ ಡ್ಯಾಂಕ್‌ವರ್ತ್ ಬರೆಯಲು ಹೇಳಿದರು, 1968ರ ‘ವಿಂಡ್‌ಮಿಲ್ ಟಿಲ್ಟರ್’ ಆಲ್ಬಮ್ ಧ್ವನಿಮುದ್ರಣವಾದದ್ದು ಹಾಗೆ. ಆಗ ಅವರಿಗೂ 38. ಪಿಯಾನೊ ವಾದಕ ಕೀತ್ ಜ್ಯಾರೆಟ್ ಜೊತೆಗಿನ ‘ನೂ ಹೈ’ 45ಕ್ಕೆ. ತಡವಾಗಿದ್ದು ಅವರ ಹೆಸರಿನ ರೆಕಾರ್ಡ್, ಕಲಿಕೆಯಲ್ಲ. ನಿಮಗೆ ತಡವೇ ಅನ್ನುವುದು, 22ರಿಂದ 38ರವರೆಗಿನ ಈ ಹದಿನಾರು ವರ್ಷ ನೀವು ಏನು ನುಡಿಸಿದ್ದೀರಿ ಅನ್ನುವುದರ ಮೇಲೆ ನಿಂತಿದೆ.

ಅವರ ಪ್ರಭಾವ ಊದುವವರಲ್ಲಿ ಮಾತ್ರ ಹುಡುಕಬೇಡಿ. ಟ್ರಂಪೆಟ್ ವಾದಕಿ ಇಂಗ್ರಿಡ್ ಜೆನ್ಸನ್ 2018ರಲ್ಲಿ ಅವರ ರಚನೆಗಳದ್ದೇ ಆಲ್ಬಮ್ ತಂದರು, ನಿಜ. ಆದರೆ ಗಾಯಕಿ ನಾರ್ಮಾ ವಿನ್‌ಸ್ಟನ್ ಹಾಡಿದ್ದನ್ನು ಗಮನಿಸಿ ಕೇಳಿ. ವೀಲರ್ ಅವರ 1990ರ ದೊಡ್ಡ ಬ್ಯಾಂಡಿನ ರೆಕಾರ್ಡ್‌ನಲ್ಲಿ ಸಾಹಿತ್ಯವಿಲ್ಲದ ಅವರ ದನಿ ಹಿತ್ತಾಳೆ ವಾದ್ಯಗಳ ನಡುವೆ ಇನ್ನೊಂದು ವಾದ್ಯ. ನಿಮ್ಮ ತಂಡದಲ್ಲಿ ಹಾಡುವವರಿದ್ದರೆ ಮೊದಲು ಅವರಿಗೆ ಫ್ಲೂಗಲ್‌ಹಾರ್ನ್ ಸಾಲನ್ನೇ ಕೊಟ್ಟು ನೋಡಿ. ಆದರೆ ಅವರ ಹಾಳೆಯಲ್ಲಿ ಸಿ ಅಂದರೆ ಸಿ, ಡಿ ಅಲ್ಲ.