ಸಮನ್ಸ್ ಬಂದ ಮೇಲೆ 90 ದಿನ ಸುಮ್ಮನಿರಬಹುದೇ?

ಪಕ್ಕದ ಜಾಗದವರು ಕಾಂಪೌಂಡ್ ಗೋಡೆಯ ವಿಚಾರಕ್ಕೆ ಉಡುಪಿ ಕೋರ್ಟಿನಲ್ಲಿ ದಾವೆ ಹಾಕಿ ತಾತ್ಕಾಲಿಕ ತಡೆಯಾಜ್ಞೆ ತಂದಿದ್ದಾರೆ, ಉತ್ತರ ಕೊಡಲು 90 ದಿನ ಇದೆಯಲ್ಲವೇ ಎಂದು ಕೇಳಿದ್ದೀರಿ. ದಯವಿಟ್ಟು ಹಾಗೆ ಲೆಕ್ಕ ಹಾಕಬೇಡಿ. ಸಮನ್ಸ್ ಕೈಸೇರಿದಲ್ಲಿಂದ 30 ದಿನವೇ ನಿಯಮ. ತಕ್ಕ ಕಾರಣವಿದ್ದರೆ ಕೋರ್ಟು ಅದನ್ನು 90ರವರೆಗೆ ವಿಸ್ತರಿಸಬಹುದು, ಅಷ್ಟೇ. ಸಮನ್ಸಿನಲ್ಲಿರುವ ತಾರೀಕಿಗೇ ವಕೀಲರಿಂದ ವಕಾಲತ್ತು (ನಿಮ್ಮ ಪರ ನಡೆಸಲು ಅವರಿಗೆ ಕೊಡುವ ಅಧಿಕಾರಪತ್ರ) ಹಾಕಿಸಿ, ಇಲ್ಲವಾದರೆ ಪ್ರಕರಣ ಏಕಪಕ್ಷೀಯವಾಗಿ ಮುಂದೆ ಹೋದೀತು.

ಹೆಚ್ಚಿನವರು ಎಡವುವುದು ಲಿಖಿತ ಹೇಳಿಕೆಯಲ್ಲಿ, ಅಂದರೆ ದಾವೆಗೆ ನೀವು ಬರೆದು ಕೊಡುವ ಆ ಉತ್ತರದಲ್ಲಿ. "ವಾದಿ ಹೇಳಿದ್ದೆಲ್ಲ ಸುಳ್ಳು" ಎಂದು ಒಂದೇ ಸಾಲು ಬರೆದರೆ ಸಾಲದು. ದಾವಾಪತ್ರದ ಪ್ರತಿ ಪ್ಯಾರಾಕ್ಕೂ ಬೇರೆ ಬೇರೆಯಾಗಿ ಉತ್ತರಿಸಬೇಕು. ನಿರ್ದಿಷ್ಟವಾಗಿ ಅಲ್ಲಗಳೆಯದ ಸಂಗತಿಯನ್ನು ನೀವು ಒಪ್ಪಿದಂತೆ ಎಣಿಸಲಾಗುತ್ತದೆ (ಸಿವಿಲ್ ಪ್ರಕ್ರಿಯಾ ಸಂಹಿತೆ, ಆದೇಶ 8, ನಿಯಮ 3 ಮತ್ತು 5). ನಿಮ್ಮ ದಾಖಲೆಗಳನ್ನೂ ಅದರ ಜೊತೆಗೇ ಸಲ್ಲಿಸಿ.

ತಡೆಯಾಜ್ಞೆಗೆ ಬೇರೆಯೇ ತಕರಾರು ಹಾಕಿ, ಆದೇಶ 39, ನಿಯಮ 4ರಡಿ ತೆರವು ಕೇಳಿ. ಅಲ್ಲಿಯವರೆಗೆ ಗೋಡೆಗೆ ಒಂದು ಕಲ್ಲೂ ಇಡಬೇಡಿ: ಉಲ್ಲಂಘನೆಗೆ ಆಸ್ತಿ ಜಪ್ತಿ, 3 ತಿಂಗಳವರೆಗೆ ಸೆರೆವಾಸವೂ ಆಗಬಹುದು.

ಗಡಿ ಎಲ್ಲಿದೆ ಎಂಬುದು ಪಹಣಿಯಿಂದ ತಿಳಿಯದು, ಅದರಲ್ಲಿರುವುದು ವಿಸ್ತೀರ್ಣ. ಸರ್ವೆ ನಕ್ಷೆ ತೆಗೆಸಿ. ಸರ್ವೆಯರ್ ಜೊತೆ ಕೋರ್ಟ್ ಕಮಿಷನರ್ (ಜಾಗ ನೋಡಿ ಕೋರ್ಟಿಗೆ ವರದಿ ಕೊಡುವವರು) ನೇಮಿಸಲೂ ಕೇಳಬಹುದು. ವಿವಾದದ ನೆಲದ ತುಂಡು ವರ್ಗ ಜಾಗವೋ (ಹಕ್ಕುದಾರರ ಹೆಸರಿನಲ್ಲಿರುವ ಪಟ್ಟಾ ಜಾಗ) ಕುಮ್ಕಿಯೋ (ವರ್ಗ ಜಾಗಕ್ಕೆ ತಾಗಿ ಅದರವರು ಬಳಸಿಕೊಳ್ಳುವ ಜಾಗ) ಎಂದು ಮೊದಲೇ ನೋಡಿಕೊಳ್ಳಿ, ಕುಮ್ಕಿ ಸರ್ಕಾರಿ ಜಾಗ.