ಹೇಳಿ ಮಾಡಿಸಿದ ಬ್ಯಾಟಿಗೆ ಅಷ್ಟು ದುಡ್ಡು ಕೊಡಬಹುದಾ?

ಮಗನಿಗೆ ಬ್ಯಾಟ್ ತಯಾರಿಕೆಗೆ ಹೆಸರಾದ ಮೀರತ್‌ನಲ್ಲಿ ಇಂಗ್ಲಿಷ್ ವಿಲ್ಲೋ ಮರದ ಕ್ರಿಕೆಟ್ ಬ್ಯಾಟ್ ಮಾಡಿಸಬೇಕೇ, ಅಂಗಡಿಯದೇ ಸಾಕೇ ಎಂದು ಕೇಳಿದ್ದೀರಿ. ಲೆದರ್ ಬಾಲ್‌ನಲ್ಲಿ ವಾರ ವಾರ ಆಡುತ್ತಾನೆ ಅಂದರೆ ಖಂಡಿತ ಮಾಡಿಸಿ. ಆದರೆ ಇನ್ನೂ ಎತ್ತರ ಬೆಳೆಯುತ್ತಿದ್ದರೆ ಈಗಲೇ ಬೇಡ, ವರ್ಷದಲ್ಲಿ ಚಿಕ್ಕದಾಗಿಬಿಡುತ್ತದೆ. ಟೆನಿಸ್ ಬಾಲ್‌ಗೆ ಅದಕ್ಕಿಂತ ಅಗ್ಗದ ಕಾಶ್ಮೀರ್ ವಿಲ್ಲೋ ಮರದ್ದೇ ಧಾರಾಳವಾಯಿತು.

ಸುಮ್ನೆ ಗ್ರೇನ್ಸ್ (ಬ್ಯಾಟಿನ ಮುಖದ ಮೇಲೆ ಕಾಣುವ ಮರದ ಗೆರೆಗಳು) ಎಣಿಸುತ್ತಾ ಕೂರಬೇಡಿ. ಆ ಜಾಸ್ತಿ ದುಡ್ಡಿನ ಬೆಲೆ ಇರುವುದು ಪಿಕಪ್‌ನಲ್ಲಿ, ಅಂದರೆ ಬ್ಯಾಟ್ ಎತ್ತಿದಾಗ ಕೈಗೆ ಎಷ್ಟು ಹಗುರ ಅನ್ನಿಸುತ್ತದೆ ಎಂಬುದರಲ್ಲಿ. ನನ್ನ ಹಳೆಯದೂ 1180 ಗ್ರಾಂ, ಮಾಡಿಸಿದ್ದೂ 1180. ಹೊಸದರ ಕೆಳತುದಿಯಲ್ಲಿ ಮರ ಕೆತ್ತಿ ತೆಗೆದಿದ್ದರು. ಎತ್ತಿ ಹಿಡಿದರೆ ಬೇರೆಯದೇ ಬ್ಯಾಟ್! ಮಣಿಕಟ್ಟಿಗೆ ಭಾರವೇ ಗೊತ್ತಾಗಲಿಲ್ಲ.

ದಪ್ಪ ಅಂಚಿನ ಆಸೆಗೂ ಬೀಳಬೇಡಿ. ನಿಯಮದ ಪ್ರಕಾರ 40 ಮಿ.ಮೀ. ಮೀರುವಂತಿಲ್ಲ. ದಪ್ಪವಿದ್ದೂ ಹಗುರವಾಗಲಿ ಎಂದು ತುಂಬಾ ಒಣಗಿಸಿದ ಮರ ಬೇಗ ಬಿರುಕು ಬಿಡುತ್ತದೆ. ದುಡ್ಡು ಕೊಡುವ ಮುಂಚೆ ತೂಕದ ಯಂತ್ರದ ಮೇಲಿಟ್ಟ ಫೋಟೋ ಕೇಳಿ.