ಸಕ್ಕರೆ ಕಾಯಿಲೆ ಮುಚ್ಚಿಟ್ಟು ವಿಮೆ ಮಾಡಿಸಬಹುದೇ?

ಪ್ರಶ್ನೆ: ಇಳಕಲ್‌ನಲ್ಲಿ ಸೀರೆ ನೇಯುವ ನಮ್ಮ ತಂದೆಗೆ 62 ವರ್ಷ, ಸಕ್ಕರೆ ಕಾಯಿಲೆ ಇದೆ. ಆರೋಗ್ಯ ವಿಮೆಯ ಅರ್ಜಿಯಲ್ಲಿ ಅದನ್ನು ಬರೆಯುವುದು ಬೇಡ ಅನ್ನುತ್ತಾರೆ ಏಜೆಂಟರು. ಒಪ್ಪಬಹುದೇ?
– ಓದುಗರು, ಬಾಗಲಕೋಟೆ ಜಿಲ್ಲೆ

ಉತ್ತರ: ದಯವಿಟ್ಟು ಒಪ್ಪಬೇಡಿ. ಆಸ್ಪತ್ರೆಗೆ ದಾಖಲಾದಾಗ ವೈದ್ಯರು ‘ಸಕ್ಕರೆ ಎಷ್ಟು ವರ್ಷದಿಂದ?’ ಎಂದು ಕೇಳಿ ಕೇಸ್ ಶೀಟಿನಲ್ಲಿ ಬರೆದುಕೊಳ್ಳುತ್ತಾರೆ. ಆ ಹಾಳೆ ವಿಮಾ ಕಂಪನಿಯ ಕೈಗೂ ಹೋಗುತ್ತದೆ. ಕ್ಲೇಮ್ ತಿರಸ್ಕಾರವಾಗುವುದು, ಕೆಲವೊಮ್ಮೆ ಪಾಲಿಸಿಯೇ ರದ್ದಾಗುವುದು ಹೀಗೆಯೇ. ನಿಜ ಹೇಳಿದರೆ ಪ್ರೀಮಿಯಂ ಏರಬಹುದು, ಆದರೆ ಹಳೆಯ ಕಾಯಿಲೆಗೆ ಕಾಯುವ ಅವಧಿ (ಆ ಕಾಯಿಲೆಗೆ ಕ್ಲೇಮ್ ಸಿಗದ ಆರಂಭದ ಕಾಲ) 36 ತಿಂಗಳು ಮೀರುವಂತಿಲ್ಲ.

ಇನ್ನೊಂದು ಮಾತು. ಏಜೆಂಟರು ಆರೋಗ್ಯ ವಿಮೆಗೇ ಮೀಸಲಾದ ಕಂಪನಿಗಳಲ್ಲಿ ಒಂದರ ಪಾಲಿಸಿಯನ್ನಷ್ಟೇ ಮಾರಬಹುದು. ನಾಲ್ಕಾರು ಕಂಪನಿ ಹೋಲಿಸಬೇಕಿದ್ದರೆ ಪರವಾನಗಿ ಇರುವ ಬ್ರೋಕರ್ ಬಳಿ ಹೋಗಿ. ಅವರು ಗ್ರಾಹಕರ ಪ್ರತಿನಿಧಿ. ಊರಲ್ಲೇ ಇದ್ದು ಕ್ಲೇಮ್ ಹೊತ್ತಿಗೆ ಓಡಾಡುವ ಏಜೆಂಟರ ಬೆಲೆಯೂ ಕಡಿಮೆಯಲ್ಲ, ಆದರೆ ಸುಳ್ಳು ಬರೆಸುವವರು ಬೇಡ.

ಪಾಲಿಸಿ ಕೈಸೇರಿದೊಡನೆ ಜೊತೆಗಿರುವ ಅರ್ಜಿಯ ಪ್ರತಿ ಓದಿ. ತಪ್ಪಿದ್ದರೆ 30 ದಿನದೊಳಗೆ ಲಿಖಿತವಾಗಿ ತಿದ್ದಿಸಿ, ಇಲ್ಲವೇ ಹಿಂದಿರುಗಿಸಿ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಗೆ ಜಿಎಸ್‌ಟಿ ಇಲ್ಲ, ರಸೀದಿಯನ್ನೂ ನೋಡಿಕೊಳ್ಳಿ.